ಮಕ್ಕಳ ಕ್ಯಾನ್ಸರ್: ಸಂಶೋಧನೆಗೆ ನಮ್ಮ ಕಾಸು, ಮಗುವಿಗಾಗಿ ನಮ್ಮ ದನಿ

(ಸ್ವಸಹಾಯ ಸಂಘಗಳು, ಕಿರು ಕ್ರೈಸ್ತ ಸಮುದಾಯಗಳು ಮತ್ತು ಯುವಜನ ಸಂಘಗಳಿಗೆ ಅಧ್ಯಯನ ಪಾಠ)



ಫೆಬ್ರವರಿ ತಿಂಗಳಲ್ಲಿ ಮೂರು ದಿನಗಳು ಹತ್ತಿರ ಹತ್ತಿರ ಬರುತ್ತವೆ. 4ರಂದು ವಿಶ್ವ ಕ್ಯಾನ್ಸರ್ ದಿನ. 11ರಂದು ಲೂರ್ದು ಮಾತೆಯ ಹಬ್ಬ. ಅದೇ ದಿನವನ್ನು 1993ರಿಂದ ಧರ್ಮಸಭೆ ವಿಶ್ವ ರೋಗಿಗಳ ದಿನವೆಂದು ಆಚರಿಸುತ್ತಿದೆ. 15ರಂದು ಅಂತರರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ. ಮೊದಲಿನ ಎರಡು ದಿನಗಳ ಬಗ್ಗೆ ನಮ್ಮ ಚರ್ಚುಗಳಲ್ಲಿ ಮಾತು ಕೇಳಿಬರುತ್ತದೆ. ಮೂರನೆಯದರ ಸುದ್ದಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಅಷ್ಟಾಗಿ ತಲುಪಿಲ್ಲ. ಆದ್ದರಿಂದ ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ. ಒಂದೇ ಕೂಟದಲ್ಲಿ ಪೂರ್ತಿ ಓದಿ ಮುಗಿಸಬೇಕಾಗಿಲ್ಲ. ಎರಡು ಮೂರು ಸಭೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಓದಿ, ಕೊನೆಯ ಪ್ರಶ್ನೆಗಳನ್ನು ಚರ್ಚಿಸಿರಿ.

1. ಮೊದಲು ರೋಗವನ್ನು ತಿಳಿಯೋಣ

ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಂಬಾಕು, ಗುಟ್ಕಾ, ಬೀಡಿ. ದೊಡ್ಡವರ ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಅದು ನಿಜ. ಆದರೆ ಮೂರು ವರ್ಷದ ಕೂಸು ಬೀಡಿ ಸೇದಿರುವುದಿಲ್ಲ, ಕವಳ ಹಾಕಿರುವುದಿಲ್ಲ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಬೆಳೆಯುತ್ತಿರುವ ಜೀವಕೋಶದೊಳಗಿನ ಬದಲಾವಣೆಯಿಂದ ಹುಟ್ಟುತ್ತವೆ. ತಾಯಿ ಬಸುರಿಯಲ್ಲಿ ಏನು ತಿಂದಳು, ಯಾರ ಕಣ್ಣು ಬಿತ್ತು, ಯಾವ ಪಾಪಕ್ಕೆ ಈ ಶಿಕ್ಷೆ ಎಂಬ ಮಾತುಗಳಿಗೆ ಆಧಾರವಿಲ್ಲ. ವಂಶದಿಂದ ಬರುವುದು ಸ್ವಲ್ಪ ಪಾಲು ಮಾತ್ರ. ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಇಲ್ಲ. ಅಂಥ ಮಗುವಿನ ಜೊತೆ ನಮ್ಮ ಮಕ್ಕಳು ಆಡಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಚಿಕಿತ್ಸೆಯ ಸಮಯದಲ್ಲಿ ಅದನ್ನು ಸ್ವಲ್ಪ ದೂರ ಇಡುವುದು ನಮ್ಮ ನೆಗಡಿ-ಜ್ವರ ಅದಕ್ಕೆ ತಾಗದಿರಲಿ ಎಂಬ ಕಾರಣಕ್ಕೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್ (ಲ್ಯುಕೇಮಿಯಾ). ಜೊತೆಗೆ ಮೆದುಳಿನ ಗಡ್ಡೆ, ದುಗ್ಧ ಗ್ರಂಥಿಗಳ ಕ್ಯಾನ್ಸರ್ (ಲಿಂಫೋಮಾ), ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ಕಣ್ಣಿನ ರೆಟಿನೋಬ್ಲಾಸ್ಟೋಮಾ, ಮೂಳೆಯ ಕ್ಯಾನ್ಸರ್ ಇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿ ವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಇಂಥ 100 ಮಕ್ಕಳಲ್ಲಿ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಹಲವು ಬಡ ದೇಶಗಳಲ್ಲಿ 30 ಮಂದಿಯೂ ಉಳಿಯುವುದಿಲ್ಲ. ರೋಗ ಒಂದೇ, ಔಷಧಗಳೂ ಬಹುಮಟ್ಟಿಗೆ ಅವೇ. ಆದರೂ ಇಷ್ಟು ವ್ಯತ್ಯಾಸ ಯಾಕೆ? ಈ ಪಾಠದ ಮುಖ್ಯ ಪ್ರಶ್ನೆ ಇದೇ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಗುರಿ ಇಟ್ಟಿತು: 2030ರೊಳಗೆ ಎಲ್ಲ ದೇಶಗಳನ್ನೂ ಸೇರಿಸಿ 100ರಲ್ಲಿ ಕನಿಷ್ಠ 60 ಮಕ್ಕಳಾದರೂ ಬದುಕಬೇಕು.

2. ನಮ್ಮ ಕಡೆಯ ಜ್ವರ ಮತ್ತು ಈ ಜ್ವರ

ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ ಜ್ವರ ಬಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಮಳೆಗಾಲದಲ್ಲಿ ಇಲಿಜ್ವರ, ಡೆಂಗ್ಯೂ. ಹಾಗೆ ಅನುಮಾನ ಪಡುವುದು ಸರಿಯೇ. ಆದರೆ ಮಗುವಿನ ರಕ್ತದ ಕ್ಯಾನ್ಸರ್ ಕೂಡ ಹೀಗೇ ಜ್ವರವಾಗಿ ಬರುತ್ತದೆ. ಡೆಂಗ್ಯೂದಲ್ಲಿ ಪ್ಲೇಟ್ಲೆಟ್ ಇಳಿಯುವಂತೆ ಇದರಲ್ಲೂ ಇಳಿಯುತ್ತದೆ. ಹಾಗಾದ್ರೆ ಗುರುತು ಹಿಡಿಯುವುದು ಹೇಗೆ? ಆ ಜ್ವರಗಳು ಕೆಲವು ವಾರಗಳಲ್ಲಿ ಒಂದು ದಡ ಸೇರುತ್ತವೆ. ಇದು ಬಿಟ್ಟು ಬಿಟ್ಟು ಬರುತ್ತದೆ, ಮಗು ದಿನೇ ದಿನೇ ಬಿಳಿಚಿಕೊಳ್ಳುತ್ತದೆ. ಪೂರ್ಣ ರಕ್ತಕಣ ಎಣಿಕೆ ಮಾಡಿಸಿ, ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನಕ್ಕೆ ದಾರಿ ಸಿಗುತ್ತದೆ. ತಾಲೂಕು ಆಸ್ಪತ್ರೆ ಮಟ್ಟದಲ್ಲೇ ಆಗುವ ಪರೀಕ್ಷೆ ಇದು.

ಈ ಲಕ್ಷಣಗಳನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿರಿ:

• ಎರಡು ವಾರ ಮೀರಿದ ಜ್ವರ, ಬಿಳಿಚಿದ ಮುಖ, ಪೆಟ್ಟು ಬೀಳದೆ ಮೈಮೇಲೆ ನೀಲಿ ಕಲೆ, ವಸಡಿನಲ್ಲಿ ಮೂಗಿನಲ್ಲಿ ರಕ್ತ.
• ಕಾಲು ನೋವೆಂದು ಮಗು ನಡೆಯಲು ಒಲ್ಲೆ ಎನ್ನುವುದು, ರಾತ್ರಿ ನೋವಿಗೆ ಎಚ್ಚರಗೊಳ್ಳುವುದು.
• ಕುತ್ತಿಗೆ, ಕಂಕುಳಲ್ಲಿ ನೋವಿಲ್ಲದ ಗಂಟು, ಮಾತ್ರೆ ಕೊಟ್ಟರೂ ಕರಗದೆ ಬೆಳೆಯುವುದು.
• ಮೀಯಿಸುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಟ್ಟಿ ಗಡ್ಡೆ.
• ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು. ಮೊಬೈಲ್‌ನಲ್ಲಿ ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಬಂದ ಮೆಳ್ಳೆಗಣ್ಣನ್ನೂ ಕಡೆಗಣಿಸಬೇಡಿ.
• ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ನಡಿಗೆಯಲ್ಲಿ ತೂರಾಟ.

ಇವೆಲ್ಲ ಬೇರೆ ಸಣ್ಣ ಕಾರಣಕ್ಕೂ ಬರಬಹುದು. ಹೆದರುವ ಅಗತ್ಯವಿಲ್ಲ, ತಡ ಮಾಡಬಾರದು ಅಷ್ಟೆ. ಕಣ್ಣಿನ ಕ್ಯಾನ್ಸರ್ ಬೇಗ ಗೊತ್ತಾದರೆ ಜೀವದ ಜೊತೆಗೆ ಕಣ್ಣೂ ಉಳಿಯಬಹುದು.

ಇನ್ನೊಂದು ಎಚ್ಚರಿಕೆ. ಜ್ವರ, ಕೀಲುನೋವು ಎಂದು ಎಲ್ಲೋ ಒಂದು ಕಡೆ ಸ್ಟೀರಾಯ್ಡ್ ಸೂಜಿ ಅಥವಾ ಮಾತ್ರೆ ಕೊಡಿಸಿದರೆ ಮಗು ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ. ಲ್ಯುಕೇಮಿಯಾ ಇದ್ದರೆ ಅದು ಮುಚ್ಚಿಹೋಗಿ, ಮುಂದೆ ಗುರುತು ಹಿಡಿಯುವುದೇ ಕಷ್ಟವಾಗುತ್ತದೆ. ರಕ್ತ ಪರೀಕ್ಷೆ ಆಗದೆ ಅಂಥ ಔಷಧ ಬೇಡ.

3. ಸಂಶೋಧನೆ ಎಂದರೆ ಏನು?

"ಸಂಶೋಧನೆ ಅಂದ್ರೆ ದೊಡ್ಡ ಊರಿನ ದೊಡ್ಡ ಡಾಕ್ಟರ್ರು ಮಾಡೂದು. ನಮಗೆಂತ ಅದರಲ್ಲಿ?" ಎಂದು ಸಭೆಗಳಲ್ಲಿ ಕೇಳುವವರುಂಟು. ಅವರಿಗೆ ನಮ್ಮ ಅಂಗಳದ ಒಂದು ಹೂವನ್ನು ತೋರಿಸಬಹುದು. ನಿತ್ಯಪುಷ್ಪ, ಕೆಲವರು ಕಾಶಿಕಣಗಿಲೆ ಅನ್ನುತ್ತಾರೆ. ತುಳಸಿಕಟ್ಟೆಯ ಬದಿಯಲ್ಲೂ ಇದೆ, ನಮ್ಮ ಸಮಾಧಿ ಭೂಮಿಯಲ್ಲೂ ಇದೆ. ಬೇರೆ ರೋಗಕ್ಕೆ ಔಷಧ ಸಿಗಬಹುದೇ ಎಂದು ಇದರ ಎಲೆಯನ್ನು ಪರೀಕ್ಷಿಸಿದ ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳಿಗೆ 1950ರ ದಶಕದ ಕೊನೆಯಲ್ಲಿ ಅದು ಬಿಳಿ ರಕ್ತಕಣಗಳನ್ನು ತಗ್ಗಿಸುತ್ತದೆ ಎಂದು ಕಂಡುಬಂತು. ಟನ್‌ಗಟ್ಟಲೆ ಎಲೆಯಿಂದ ಕೆಲವೇ ಗ್ರಾಂ ತೆಗೆದು ಶುದ್ಧಮಾಡಿದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದಿಲ್ಲದೆ ನಡೆಯುವುದಿಲ್ಲ.

ನಮ್ಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಎಂಬುದಿದೆ. ಅದರಲ್ಲಿರುವ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಮೊದಲು 1966ರಲ್ಲಿ ಚೀನಾ ಮೂಲದ ಒಂದು ಮರದಲ್ಲಿ ಗುರುತಿಸಿದರು. ಮುಂದೆ ನಮ್ಮ ಮರದಲ್ಲೂ ಅದು ಧಾರಾಳವಾಗಿದೆ ಎಂದು ಭಾರತೀಯ ವಿಜ್ಞಾನಿಗಳು ತೋರಿಸಿದರು. ಅದರಿಂದ ತಯಾರಾದ ಟೋಪೋಟೆಕಾನ್, ಇರಿನೋಟೆಕಾನ್ ಔಷಧಗಳನ್ನು ಮಕ್ಕಳ ಕೆಲವು ಗಡ್ಡೆಗಳಿಗೂ ಬಳಸುತ್ತಾರೆ. ಸುದ್ದಿ ಹರಡಿದ ಮೇಲೆ ಲಾಭಕ್ಕಾಗಿ ಮರಗಳನ್ನು ಕಡಿದು ಸಾಗಿಸಿದ್ದೂ ಆಯಿತು, ಕಾಡಿನಲ್ಲಿ ಅವು ಕಡಿಮೆಯಾದದ್ದೂ ಆಯಿತು. ಕಾಡು ಉಳಿಸುವುದಕ್ಕೂ ಮಗು ಉಳಿಸುವುದಕ್ಕೂ ಸಂಬಂಧವಿದೆ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಆದರೆ ಯಾರೂ ಈ ಎಲೆ-ತೊಗಟೆಗಳ ಕಷಾಯ ಮಾಡಿ ಕುಡಿಸಬಾರದು. ಎಲೆಯಲ್ಲಿರುವುದು ವಿಷವೂ ಹೌದು. ಎಷ್ಟು ಮಿಲಿಗ್ರಾಂ, ಎಷ್ಟು ದಿನಕ್ಕೊಮ್ಮೆ, ಯಾವ ಔಷಧದ ಜೊತೆ, ಎಷ್ಟು ತೂಕದ ಮಗುವಿಗೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟು ಕಂಡುಹಿಡಿದ ಮೇಲೆ ವಿಷ ಔಷಧವಾಯಿತು. ಆ ಲೆಕ್ಕ ಇಡುವ ಕೆಲಸಕ್ಕೇ ಸಂಶೋಧನೆ ಎನ್ನುವುದು.

4. ಹಣ ಎಲ್ಲಿಂದ ಬಂತು?

ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕಕ್ಕೆ ಹೋಗಿ, ಲೆಡರ್ಲೆ ಕಂಪನಿಯ ಪ್ರಯೋಗಾಲಯದ ಮುಖ್ಯಸ್ಥರಾಗಿ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡಿದರು. ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಎಂಬ ಔಷಧವನ್ನು ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ 1947ರ ಕೊನೆಯಲ್ಲಿ ಲ್ಯುಕೇಮಿಯಾ ಇರುವ ಮಕ್ಕಳಿಗೆ ಕೊಡತೊಡಗಿದರು. 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲಕ್ಕಾದರೂ ಚೇತರಿಸಿಕೊಂಡರು. ಅದಕ್ಕೆ ಮುಂಚೆ ಈ ರೋಗಕ್ಕೆ ಔಷಧವೆಂಬುದೇ ಇರಲಿಲ್ಲ. ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ತಂಡದ್ದೇ ಆದ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಇಂದಿಗೂ ರಕ್ತದ ಕ್ಯಾನ್ಸರ್ ಇರುವ ಮಕ್ಕಳು ವಾರಕ್ಕೊಮ್ಮೆ ನುಂಗುತ್ತಾರೆ.

ಫಾರ್ಬರ್ ಅವರಿಗೆ ಮುಂದಿನ ಕೆಲಸಕ್ಕೆ ಹಣ ಬೇಕಿತ್ತು. 1948ರ ಮೇ 22ರಂದು ಅಮೆರಿಕದ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ 12 ವರ್ಷದ ಹುಡುಗನೊಬ್ಬ ಮಾತಾಡಿದ. ಕೇಳಿದ ಜನ ಕಾಸು ಕಳಿಸತೊಡಗಿದರು. 20 ಸಾವಿರ ಡಾಲರ್ ಆಸೆ ಇಟ್ಟುಕೊಂಡಿದ್ದಲ್ಲಿ 2 ಲಕ್ಷ 31 ಸಾವಿರ ಡಾಲರ್ ದಾಟಿತು. ಹುಡುಗನ ಹೆಸರು 'ಜಿಮ್ಮಿ' ಎಂದು ಸಾರಿದರು. ಅವನ ಗುಟ್ಟು ಕಾಯಲು ಇಟ್ಟ ಹೆಸರು ಅದು. ನಿಜವಾಗಿ ಅವನು ರೈತನ ಮಗ, ಐನಾರ್ ಗುಸ್ತಾಫ್ಸನ್. ಅವನು ಗುಣವಾಗಿ, ಬೆಳೆದು, ಸಂಸಾರಸ್ಥನಾಗಿ 2001ರವರೆಗೆ ಬದುಕಿದ. ನಿಜ ಹೆಸರು ಜನರಿಗೆ ಗೊತ್ತಾದದ್ದು 1998ರಲ್ಲಿ.

ಎರಡನೆಯ ಕಥೆ ಕಥೋಲಿಕರಾದ ನಮಗೆ ಇನ್ನೂ ಹತ್ತಿರದ್ದು. ಲೆಬನಾನ್‌ನಿಂದ ವಲಸೆ ಹೋದ ಮರೋನೈಟ್ ಕಥೋಲಿಕ ಕುಟುಂಬದ ಡ್ಯಾನಿ ಥಾಮಸ್ ಎಂಬ ಹಾಸ್ಯನಟ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಸಂತ ಯೂದರಿಗೆ ಹರಕೆ ಹೊತ್ತಿದ್ದ. ದಾರಿ ತೋರಿಸಿದರೆ ನಿನ್ನ ಹೆಸರಲ್ಲಿ ಒಂದು ಗುಡಿ ಕಟ್ಟಿಸುತ್ತೇನೆ ಎಂಬುದು ಹರಕೆ. ಹೆಸರು-ಹಣ ಬಂದ ಮೇಲೆ ಅವನು ಕಟ್ಟಿಸಿದ್ದು ಮಕ್ಕಳ ಆಸ್ಪತ್ರೆಯನ್ನು. 1957ರಲ್ಲಿ ಹಣ ಸಂಗ್ರಹಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. 1962ರ ಫೆಬ್ರವರಿ 4ರಂದು ಅಮೆರಿಕದ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ತೆರೆಯಿತು. ಚಿಕಿತ್ಸೆಗೆ ಕುಟುಂಬದಿಂದ ಬಿಲ್ಲು ಕೇಳುವುದಿಲ್ಲ. ಲಕ್ಷಾಂತರ ಜನರ ಸಣ್ಣ ಸಣ್ಣ ಕಾಣಿಕೆಗಳೇ ಅದರ ಬೆನ್ನೆಲುಬು. ತೆರೆದ ವರ್ಷ ಈ ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ 100ಕ್ಕೆ ನಾಲ್ಕು ಮಕ್ಕಳು ಉಳಿದರೆ ಹೆಚ್ಚು. ಅಲ್ಲಿನ ಮೊದಲ ನಿರ್ದೇಶಕ ಡಾ. ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ರೂಪಿಸಿ, ಹತ್ತು ವರ್ಷದೊಳಗೆ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗುವ ಮಟ್ಟಕ್ಕೆ ತಂದರು. ಈಗ ಅಲ್ಲಿ 100ರಲ್ಲಿ 90ಕ್ಕಿಂತ ಹೆಚ್ಚು.

ನಮ್ಮ ದೇಶದಲ್ಲೂ ಹೀಗೇ. ಲೇಡಿ ಮೆಹರ್‌ಬಾಯಿ ಟಾಟಾ 1931ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು. ಮರುವರ್ಷ ಪತಿ ಸರ್ ದೊರಾಬ್ಜಿ ಟಾಟಾ ಕೂಡ ತೀರಿಹೋದರು. ಅವರ ದತ್ತಿಯ ಹಣದಿಂದ 1941ರ ಫೆಬ್ರವರಿ 28ರಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾಯಿತು. ಇಂದು ಉತ್ತರ ಕನ್ನಡದಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ.

ಒಂದು ಮಾತು ಗಮನಿಸಿ. ಮಕ್ಕಳ ಕ್ಯಾನ್ಸರ್ ದೊಡ್ಡವರ ಕ್ಯಾನ್ಸರ್‌ಗಿಂತ ಬಹಳ ವಿರಳ. ರೋಗಿಗಳು ಕಡಿಮೆ ಅಂದರೆ ಔಷಧ ಕಂಪನಿಗೆ ಲಾಭ ಕಡಿಮೆ. ಹಾಗಾಗಿ ಸಂಶೋಧನೆಗೆ ಹಣ ಹಾಕಲು ಅವು ಹಿಂದೇಟು ಹಾಕುತ್ತವೆ. ಸರ್ಕಾರದ ಮತ್ತು ಜನರ ಹಣ ಇಲ್ಲಿ ಅದಕ್ಕಾಗಿಯೇ ಬೇಕು.

5. ಭಾರತ ಕಲಿತ ಪಾಠ

1984ರಲ್ಲಿ ಮುಂಬೈನ ಟಾಟಾ ಸ್ಮಾರಕ, ದೆಹಲಿಯ ಏಮ್ಸ್ ಮತ್ತು ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆಗಳು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಇಯಾನ್ ಮಗ್ರಾತ್ ಜೊತೆ ಸೇರಿ ಒಂದೇ ಚಿಕಿತ್ಸಾ ಕ್ರಮವನ್ನು ಒಪ್ಪಿಕೊಂಡವು. ಅದರ ಹೆಸರು ಎಂಸಿಪಿ 841. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ, ನಮ್ಮ ಬಡ ಮಕ್ಕಳ ಮೈ ತಡೆದುಕೊಳ್ಳುವ ಔಷಧಗಳನ್ನೇ ಜೋಡಿಸಿದ್ದರು. ಪ್ರತಿ ಮಗುವಿನ ಲೆಕ್ಕ ಬರೆದಿಟ್ಟರು. ಮೊದಲು 100ರಲ್ಲಿ ಸುಮಾರು 20 ಮಕ್ಕಳು ಉಳಿಯುತ್ತಿದ್ದಲ್ಲಿ, ಹೊಸ ಕ್ರಮದಲ್ಲಿ ನಾಲ್ಕು ವರ್ಷದ ಮೇಲೂ ರೋಗ ಮರಳದೆ ಇದ್ದವರು ಅದಕ್ಕಿಂತ ಬಹಳ ಹೆಚ್ಚು. ಹೊಸ ಔಷಧವನ್ನೇನೂ ಕಂಡುಹಿಡಿದಿರಲಿಲ್ಲ. ಇದ್ದದ್ದನ್ನು ಕ್ರಮವಾಗಿ ಕೊಟ್ಟು, ಲೆಕ್ಕ ಇಟ್ಟು, ತಪ್ಪಿದಲ್ಲಿ ತಿದ್ದಿಕೊಂಡಿದ್ದರು. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ ಇಂಥ ಅಧ್ಯಯನಗಳನ್ನು ಮುಂದುವರಿಸಿವೆ.

ಇತ್ತೀಚಿನ ಉದಾಹರಣೆ ಇನ್ನೂ ಸರಳ. ರಕ್ತದ ಕ್ಯಾನ್ಸರ್ ಮಕ್ಕಳು ದಿನಾ ನುಂಗಬೇಕಾದ 6-ಮರ್ಕ್ಯಾಪ್ಟೋಪ್ಯೂರಿನ್ ಮಾತ್ರೆ ದೊಡ್ಡವರ ಅಳತೆಯದು. ಸಣ್ಣ ಕೂಸಿಗೆ ತಾಯಿ ಅದನ್ನು ಒಡೆದು, ಪುಡಿಮಾಡಿ, ಅಂದಾಜಿನಲ್ಲಿ ಕೊಡಬೇಕಿತ್ತು. ಹೆಚ್ಚಾದರೆ ರಕ್ತಕಣ ಕುಸಿಯುತ್ತದೆ, ಕಡಿಮೆಯಾದರೆ ರೋಗ ಮರಳುತ್ತದೆ. ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಬೆಂಗಳೂರಿನ ಐಡಿಆರ್‌ಎಸ್ ಲ್ಯಾಬ್ಸ್ ಜೊತೆ ಸೇರಿ ಅದನ್ನು ಅಳತೆಮಾಡಿ ಕೊಡಬಹುದಾದ ದ್ರವ ಔಷಧವಾಗಿ ತಯಾರಿಸಿದ್ದಾರೆ. ಕಾಯಿಲೆ ಬಿದ್ದ ಮಗುವಿನ ತಾಯಿಯ ಕಷ್ಟ ನೋಡಿದವರಿಗೆ ಮಾತ್ರ ಹೊಳೆಯುವ ಸಂಶೋಧನೆ ಇದು.

"ನಮ್ಮ ಮಕ್ಕಳನ್ನ ಪ್ರಯೋಗಕ್ಕೆ ಬಳಸ್ತಾರಂತೆ, ಹೌದಾ?" ಎಂದು ಕೇಳುವ ತಂದೆ-ತಾಯಿಗಳಿಗೆ ಉತ್ತರ ಕೊಡಬೇಕು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಅಧ್ಯಯನ ನಡೆಸುವಂತಿಲ್ಲ. 2009ರಿಂದ ಔಷಧ ಪ್ರಯೋಗಗಳನ್ನು ಸರ್ಕಾರದ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಪೋಷಕರಿಗೆ ಅವರ ಭಾಷೆಯಲ್ಲೇ ತಿಳಿಸಿ ಸಹಿ ಪಡೆಯಬೇಕು, ತಿಳಿವಳಿಕೆ ಬಂದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಒಲ್ಲೆ ಅಂದರೆ ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಈ ಹಕ್ಕುಗಳನ್ನು ತಿಳಿದವರು ಧೈರ್ಯವಾಗಿ ಪ್ರಶ್ನೆ ಕೇಳುತ್ತಾರೆ, ಧೈರ್ಯವಾಗಿ ಒಪ್ಪಿಗೆಯನ್ನೂ ಕೊಡುತ್ತಾರೆ.

6. ಮೊದಲು ಮಗುವೋ, ಮೊದಲು ಸಂಶೋಧನೆಯೋ?

ಕಷ್ಟದ ಪ್ರಶ್ನೆ ಇಲ್ಲಿದೆ. ಪಕ್ಕದ ಮನೆಯ ಮಗು ಹುಬ್ಬಳ್ಳಿಗೆ ಹೋಗಲು ಬಸ್ ಖರ್ಚಿಲ್ಲದೆ ಕೂತಿರುವಾಗ, ದೂರದ ಪ್ರಯೋಗಾಲಯಕ್ಕೆ ಹಣ ಕೊಡುವುದು ನ್ಯಾಯವೇ? ಕೇಳುವವರ ಮಾತಿನಲ್ಲಿ ಸತ್ಯವಿದೆ. ಮಗು ಕಾಯಲಾರದು.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಇಂದು ಆ ಮಗುವಿಗೆ ಚಿಕಿತ್ಸೆ ಎಂಬುದೊಂದು ಇದ್ದರೆ, ಅದು 70-80 ವರ್ಷಗಳ ಹಿಂದೆ ಯಾರೋ ಗುರುತಿಲ್ಲದವರು ಕೊಟ್ಟ ಕಾಸಿನ ಫಲ. ಅವರೂ "ಮೊದಲು ನಮ್ಮ ಓಣಿಯ ಮಗು" ಎಂದು ಕೈ ಬಿಗಿಹಿಡಿದಿದ್ದರೆ ನಮ್ಮ ಮಗುವಿಗೆ ಕೊಡಲು ಏನೂ ಇರುತ್ತಿರಲಿಲ್ಲ.

ನಿಜ ನೋಡಿದರೆ ಎರಡೂ ಬೇರೆ ಬೇರೆ ಅಲ್ಲ. ರಕ್ತದ ಕ್ಯಾನ್ಸರ್ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುತ್ತದೆ. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100, ಬೆಂಗಳೂರು 400ರ ಆಚೆ. ಕಾಡಿನೊಳಗಿನ ಸಿದ್ದಿ ಕುಟುಂಬಗಳು, ದಿನಗೂಲಿಯವರು, ತೋಟದ ಕೆಲಸದವರು ತಿಂಗಳಿಗೆ ಎರಡು ಮೂರು ಸಲ ಕೂಲಿ ಬಿಟ್ಟು ಹೋಗಬೇಕು. ಮೊದಲ ಕೆಲವು ತಿಂಗಳಲ್ಲಿ ಮಗು ಚೇತರಿಸಿಕೊಂಡು ಆಡತೊಡಗುತ್ತದೆ. "ಈಗ ಆರಾಮಾಗಿದೆಯಲ್ಲ" ಎಂದು ಅರ್ಧಕ್ಕೇ ಬಿಡುತ್ತಾರೆ. ರೋಗ ಮರಳಿ ಬಂದಾಗ ಮೊದಲಿನ ಔಷಧ ಹಿಡಿಯುವುದು ಕಷ್ಟ. ಬಡ ದೇಶಗಳಲ್ಲಿ ಮಕ್ಕಳು ಉಳಿಯದಿರಲು ಚಿಕಿತ್ಸೆ ಅರ್ಧಕ್ಕೆ ಬಿಡುವುದು, ತಡವಾಗಿ ಬರುವುದು, ಅಪೌಷ್ಟಿಕತೆ ಮತ್ತು ಸೋಂಕು ದೊಡ್ಡ ಕಾರಣಗಳು. ಮೊದಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಎಷ್ಟು ಮಕ್ಕಳು ಬಿಟ್ಟರು, ಯಾಕೆ ಬಿಟ್ಟರು, ಬಸ್ ಖರ್ಚು ಕೊಟ್ಟರೆ ಎಷ್ಟು ಮಂದಿ ನಿಂತರು ಎಂದು ಬರೆದಿಡುವುದೂ ಸಂಶೋಧನೆಯೇ. ಅದನ್ನು ಮಾಡಲು ಪ್ರಯೋಗಾಲಯ ಬೇಕಿಲ್ಲ. ಆಸ್ಪತ್ರೆ, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘ ಒಟ್ಟಾದರೆ ಸಾಕು.

ಆದ್ದರಿಂದ ಚರ್ಚೆಗಾಗಿ ಒಂದು ಸಲಹೆ: ಕೂಡಿಸಿದ ಪ್ರತಿ 100 ರೂಪಾಯಿಯಲ್ಲಿ 80 ಮಗುವಿನ ಪ್ರಯಾಣ, ಊಟ, ವಸತಿಗೆ, 20 ಸಂಶೋಧನೆಗೆ. ನಿಮ್ಮ ಸಂಘಕ್ಕೆ ಬೇರೆ ಪಾಲು ಸರಿಯೆನಿಸಿದರೆ ಹಾಗೇ ಮಾಡಿ. ಪೂರ್ತಿ ಒಂದೇ ಕಡೆಗೆ ಹಾಕಬೇಡಿ.

7. ಸಂಪನ್ಮೂಲ ಕ್ರೋಢೀಕರಣ: ಹೇಗೆ ಕೂಡಿಸುವುದು?

"ನಮ್ಮ ಹತ್ರ ಎಂತ ಇದೆ ಅಕ್ಕಾ ಕೊಡೂಕೆ?" ಎಂಬ ಮಾತು ಸಹಜ. ಲೆಕ್ಕ ಹಾಕಿ ನೋಡಿ. ಒಂದು ತಾಲೂಕಿನಲ್ಲಿ 20 ಸಂಘ, ಪ್ರತಿ ಸಂಘದಲ್ಲಿ 15 ಸದಸ್ಯೆಯರು, ಒಬ್ಬೊಬ್ಬರು ತಿಂಗಳಿಗೆ ಬರೀ 5 ರೂಪಾಯಿ. ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ. ಅಡಿಕೆ ಬೆಳೆಗಾರರು ಒಬ್ಬೊಬ್ಬರಾಗಿ ದಲಾಲರ ಮುಂದೆ ಸೋಲುತ್ತಿದ್ದ ಕಾಲದಲ್ಲಿ, 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಕೂಡಿ ಮಾಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಮುಷ್ಟಿ ಅಕ್ಕಿ ತೆಗೆದಿಡುವುದು, ಮೊಂತಿ ಹಬ್ಬಕ್ಕೆ ಬಂದ ಹೊಸ ತೆನೆಯ ಜೊತೆ ಒಂದು ಕಾಣಿಕೆ ಲಕೋಟೆ, ತಪಸ್ಸು ಕಾಲದಲ್ಲಿ ಬಿಟ್ಟ ಮಾಂಸ-ಮೀನಿನ ಖರ್ಚು, ಮಕ್ಕಳ ಹುಟ್ಟುಹಬ್ಬದ ಕೇಕಿನ ಒಂದು ಪಾಲು, ಇವೆಲ್ಲ ದಾರಿಗಳು. ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗಗಳ ವಿರುದ್ಧ ನಡೆಸುವ ಆಂದೋಲನವೂ ಇದೇ ದಾರಿಯದು.

ಹಣ ಮುಟ್ಟುವಾಗ ಈ ನಿಯಮಗಳನ್ನು ಪಾಲಿಸಿ:

ಒಂದು, ಜಂಟಿ ಖಾತೆ ಇರಲಿ, ಇಬ್ಬರ ಸಹಿ ಬೇಕು. ಪ್ರತಿ ರೂಪಾಯಿಗೂ ರಸೀದಿ ಕೊಡಿ. ತಿಂಗಳಿಗೊಮ್ಮೆ ಲೆಕ್ಕವನ್ನು ಚರ್ಚಿನ ಅಥವಾ ಸಂಘದ ಫಲಕದಲ್ಲಿ ಹಚ್ಚಿ.

ಎರಡು, ಮಗುವಿನ ಚಿಕಿತ್ಸೆಗೆ ಕೊಡುವ ಹಣ ಆದಷ್ಟು ಆಸ್ಪತ್ರೆಯ ಖಾತೆಗೇ ಹೋಗಲಿ. ವಾಟ್ಸಾಪ್‌ನಲ್ಲಿ ಬಂದ ಅಳುವ ಮಗುವಿನ ಚಿತ್ರ ನೋಡಿ ಹಣ ಕಳಿಸುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ.

ಮೂರು, ಮಗುವಿನ ಫೋಟೋ, ಹೆಸರು, ಊರು ಪೋಸ್ಟರಿಗೆ ಬೇಡ. 1948ರಲ್ಲೇ ಬೋಸ್ಟನ್ನಿನವರು 'ಜಿಮ್ಮಿ' ಎಂಬ ಹೆಸರಿನ ಮರೆಯಲ್ಲಿ ಹುಡುಗನನ್ನು ಕಾಪಾಡಿದರು. ಗುಣವಾದ ಹೆಣ್ಣುಮಗುವಿಗೆ ನಾಳೆ ಶಾಲೆ ಇದೆ, ಮದುವೆ ಇದೆ. ಅವಳ ಕೂದಲು ಉದುರಿದ ಚಿತ್ರ ಊರೆಲ್ಲ ಓಡಾಡಬಾರದು.

ನಾಲ್ಕು, ಸಂಶೋಧನೆಗೆ ಕೊಡುವಾಗ ಸರ್ಕಾರಿ ಅಥವಾ ನೋಂದಾಯಿತ ಸಂಸ್ಥೆಗೆ, ಉದ್ದೇಶ ಬರೆದು ಕೊಡಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಟಾಟಾ ಸ್ಮಾರಕ ಕೇಂದ್ರ, 1951ರಲ್ಲಿ ಶುರುವಾದ ಭಾರತೀಯ ಕ್ಯಾನ್ಸರ್ ಸೊಸೈಟಿ ಮುಂತಾದವು ಜನರಿಗೆ ಗೊತ್ತಿರುವ ಸಂಸ್ಥೆಗಳು. ಹಣ ಹೇಗೆ ಬಳಕೆಯಾಯಿತು ಎಂದು ಪತ್ರ ಬರೆದು ಕೇಳುವುದು ದಾನಿಯ ಹಕ್ಕು.

ಐದು, ಕಾಸಷ್ಟೇ ದಾನವಲ್ಲ. ಕಿಮೋ ನಡೆಯುವಾಗ ಮಗುವಿಗೆ ರಕ್ತ, ಪ್ಲೇಟ್ಲೆಟ್ ಬೇಕಾಗುತ್ತದೆ. ನಮ್ಮ ಯುವಕರು ವರ್ಷಕ್ಕೆ ಎರಡು ಸಲ ರಕ್ತ ಕೊಡಲಿ.

8. ವಕಾಲತ್ತು: ಯಾರನ್ನು, ಏನು ಕೇಳಬೇಕು?

ನಮ್ಮ ಜಿಲ್ಲೆಯ ಜನ ಕೇಳಲು ಕಲಿತಿದ್ದಾರೆ. 2019ರ ಜೂನ್‌ನಲ್ಲಿ ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂದು ಯುವಕರು ಟ್ವಿಟರ್‌ನಲ್ಲಿ ಅಭಿಯಾನ ಮಾಡಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. ಆ ಬೇಡಿಕೆಯ ಜೊತೆಗೆ ಮಕ್ಕಳ ಮಾತನ್ನೂ ಸೇರಿಸಬೇಕು.

ಗ್ರಾಮಸಭೆಯಲ್ಲಿ: ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಮೇಲೆ ಹೇಳಿದ ಲಕ್ಷಣಗಳ ತರಬೇತಿ ಕೊಡಿ ಎಂದು ಠರಾವು ಮಾಡಿಸಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ-ಅಂಗನವಾಡಿಗೆ ಬಂದಾಗ ಕೂಸುಗಳ ಕಣ್ಣಿನ ಬಿಳಿ ಹೊಳಪನ್ನೂ ನೋಡಲಿ ಎಂದು ಕೇಳಿ.

ತಾಲೂಕು ಆಸ್ಪತ್ರೆಯಲ್ಲಿ: ಎರಡು ವಾರ ಮೀರಿದ ಜ್ವರದ ಮಗುವಿಗೆ ರಕ್ತದ ಲೇಪ ಪರೀಕ್ಷೆ ಆಗಲಿ, ಅನುಮಾನವಿದ್ದರೆ ಅದೇ ದಿನ ರೆಫರಲ್ ಚೀಟಿ ಸಿಗಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಶುರುವಾದದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿದೆ. ರೇಷನ್ ಕಾರ್ಡ್, ಆಧಾರ್, ರೆಫರಲ್ ಚೀಟಿ ಜೊತೆಗಿರಲಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ಟಿಕೆಟ್ ರಿಯಾಯಿತಿ ಇದೆ. ಮುಖ್ಯಮಂತ್ರಿ ಮತ್ತು ಪ್ರಧಾನಮಂತ್ರಿ ಪರಿಹಾರ ನಿಧಿಗಳಿಗೆ ಅರ್ಜಿ ಹಾಕಬಹುದು.

ಶಾಸಕರು, ಸಂಸದರ ಬಳಿ: ನಮ್ಮ ಜಿಲ್ಲೆಯ ಮಕ್ಕಳ ಕ್ಯಾನ್ಸರ್ ಲೆಕ್ಕ ಎಲ್ಲಿದೆ ಎಂದು ಕೇಳಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ನಮ್ಮಲ್ಲಿ ಕೈಗಾ ಸ್ಥಾವರದಿಂದ ಕ್ಯಾನ್ಸರ್ ಹೆಚ್ಚಾಗಿದೆ ಎಂದು ಕೆಲವರು, ಇಲ್ಲವೇ ಇಲ್ಲ ಎಂದು ಕೆಲವರು ವಾದಿಸುತ್ತಾರೆ. ಊರು ಊರಿನ ನೋಂದಣಿ ವರ್ಷಗಟ್ಟಲೆ ನಡೆದರೆ ಮಾತ್ರ ವಾದ ಬಗೆಹರಿಯುತ್ತದೆ. ಹೆದರಿಕೆಗೂ ಸಮಾಧಾನಕ್ಕೂ ಲೆಕ್ಕವೇ ಆಧಾರ.

ಚಿಕಿತ್ಸೆಗೆ ದಾರಿ: ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಮತ್ತು ಧರ್ಮಸಭೆಯ ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಮುಂಬೈಗೆ ಹೋಗುವವರಿಗೆ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆ 2006ರಿಂದ ಕ್ಯಾನ್ಸರ್ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಡುತ್ತಿದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮೂಲಕ ಕೇಳಬೇಕು.

9. ನಂಬಿಕೆಯ ಮಾತು

ಕಫೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದ ಸಂಗತಿಯನ್ನು ಸಂತ ಮಾರ್ಕರು ಹೇಳುತ್ತಾರೆ. ಬಾಗಿಲಲ್ಲಿ ಜನಸಂದಣಿ. ಅವರು ಮನೆಗೆ ಮರಳಲಿಲ್ಲ, ಮಾಡು ಬಿಚ್ಚಿ ಇಳಿಸಿದರು. ಯೇಸು ನೋಡಿದ್ದು ಹೊತ್ತವರ ವಿಶ್ವಾಸವನ್ನು. ರೋಗಿ ತಾನಾಗಿ ಬರುವ ಸ್ಥಿತಿಯಲ್ಲಿರಲಿಲ್ಲ. ಅನಾರೋಗ್ಯದ ಮಗುವೂ ಹಾಗೇ: ಒಂದು ಮೂಲೆಯನ್ನು ತಂದೆ-ತಾಯಿ, ಒಂದನ್ನು ವೈದ್ಯರು, ಒಂದನ್ನು ಸರ್ಕಾರ ಹಿಡಿದಿದ್ದಾರೆ. ನಾಲ್ಕನೆಯ ಮೂಲೆ ನಮ್ಮ ಪಾಲಿನದು. ಪ್ರಾರ್ಥನೆ ಬೇಕು, ನೊವೆನಾ ಬೇಕು. ಆದರೆ ಪ್ರಾರ್ಥನೆಗೆಂದು ಚಿಕಿತ್ಸೆಯ ದಿನ ತಪ್ಪಿಸಬೇಡಿ. ಮುಂದಿನ ಸಭೆಗೆ ಬರುವಾಗ ನಿಮ್ಮ ವಾಡೆಯಲ್ಲಿ ತುಂಬಾ ದಿನದಿಂದ ಜ್ವರವಿರುವ ಮಗು ಇದೆಯೇ ಎಂದು ವಿಚಾರಿಸಿಕೊಂಡು ಬನ್ನಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಲ್ಲಿ ಮಗುವಿನ ದೊಡ್ಡ ಕಾಯಿಲೆಯನ್ನು ಮುಚ್ಚಿಡುವ ರೂಢಿ ಇದೆಯೇ? ಯಾಕೆ?
2. ಮೇಲಿನ ಲಕ್ಷಣಗಳಲ್ಲಿ ಮೂರನ್ನು ಪುಸ್ತಕ ನೋಡದೆ ಹೇಳಿ.
3. 80–20 ಪಾಲು ನಿಮಗೆ ಒಪ್ಪಿಗೆಯೇ? ಇಲ್ಲದಿದ್ದರೆ ನಿಮ್ಮ ಪಾಲು ಯಾವುದು, ಕಾರಣವೇನು?
4. ಚಿಕಿತ್ಸೆ ಅರ್ಧಕ್ಕೆ ಬಿಡದಂತೆ ಒಂದು ಕುಟುಂಬದ ಬೆನ್ನಿಗೆ ಎರಡು ವರ್ಷ ನಿಲ್ಲಲು ನಮ್ಮ ಸಂಘದಲ್ಲಿ ಯಾರು ಯಾರು ಸಿದ್ಧ? ಹೆಸರು ಬರೆಯಿರಿ.
5. ಬರುವ ಗ್ರಾಮಸಭೆಯಲ್ಲಿ ಮಾತಾಡುವವರು ಯಾರು? ಬೇಡಿಕೆಯನ್ನು ಇಂದೇ ಬರೆದು ಸಹಿ ಹಾಕಿರಿ.